ಧ್ವನಿಗೂ ಬೇಡ ಎಂದುಬಿಟ್ಟೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಜೀವನದಲ್ಲಿ ಮೊದಲ ಸಲ ನಾನೇ ಲಿನಕ್ಸ್ ಕರ್ನಲ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಕಂಪೈಲ್ ಮಾಡಿ ಹಾಕಿಕೊಂಡೆ. ಅದು ಕೇಳುವ ನೂರಾರು ಪ್ರಶ್ನೆಗಳಲ್ಲಿ ಅರ್ಥವಾಗದ್ದಕ್ಕೆಲ್ಲ ‘ಬೇಡ’ ಎಂದಿದ್ದೆ. ಕೇರಳದ ಪಟ್ಟಂನ ನನ್ನ ಬಾಡಿಗೆ ಕೋಣೆಯಿಂದ ಧಾರವಾಡದಲ್ಲಿರುವ ಹೆಂಡತಿಗೆ ಭಾನುವಾರದ ವೀಡಿಯೊ ಕರೆ ಮಾಡಿದಾಗ ಗೊತ್ತಾಯಿತು, ಧ್ವನಿಗೂ ಬೇಡ ಎಂದುಬಿಟ್ಟಿದ್ದೇನೆ! ಮುಖ ಕಾಣುತ್ತದೆ, ಮಾತು ಮಾತ್ರ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಕಿವಿ ತೋರಿಸಿ ಕೈಯಾಡಿಸಿದೆ. ಅವಳು ಮಗಳ ಪಾಟಿ ತಂದು ಬರೆದಳು: "ನಾಷ್ಟಾ ಆತೇನ್ರಿ?" ತಲೆಯಾಡಿಸಿದೆ. ಅವಳ ಹಿಂದೆಯೇ ನಮ್ಮ ಅವ್ವ ಕೂತಿದ್ದಳು. ಆದರೆ ಪಾಟಿಯ ಮುಖ ನನ್ನ ಕಡೆಗೆ ಮಾತ್ರ. ಹೆಂಡತಿ ಅದನ್ನು ಒರೆಸಿ ಮತ್ತೆ ಬರೆದಳು: "ಭಾಳ ನೆನಪಾಗ್ತದ್ರಿ."

ಮದುವೆಯಾಗಿ ಆರು ವರ್ಷ, ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ.

ಅಷ್ಟರಲ್ಲಿ ಪಕ್ಕದ ಕೋಣೆಯ ಬಿನು ಚೇಟ್ಟ (ಅಣ್ಣನಿಗೆ ಇಲ್ಲಿ ಹಾಗೆನ್ನುತ್ತಾರೆ) ಬಂದು, ಹಳೆಯ ಕರ್ನಲ್ ಹಾಗೇ ಇದೆಯಲ್ಲ ಎಂದು ಅದರಿಂದಲೇ ಕಂಪ್ಯೂಟರ್ ಶುರುಮಾಡಿಕೊಟ್ಟರು. ಮತ್ತೆ ಕರೆ ಮಾಡಿದೆ. ಧ್ವನಿ ಸ್ಪಷ್ಟವಾಗಿ ಬಂತು. "ಗ್ಯಾಸ್ ಸಿಲಿಂಡರ್ ಬಂತ್ರಿ," ಎಂದಳು.

"ಶರಿಯಾಯೋ?" ಎಂದು ಬಿನು ಚೇಟ್ಟ ತಮ್ಮ ಮಲಯಾಳದಲ್ಲಿ ಕೇಳಿದರು, ಸರಿಯಾಯಿತೇ ಎಂದು.

"ಶರಿಯಾಯಿ ಚೇಟ್ಟಾ," ಎಂದೆ. ಮುಂದಿನ ಭಾನುವಾರ ಮಾತ್ರ ಆ ಕೆಟ್ಟ ಕರ್ನಲ್ಲನ್ನೇ ಹಾಕುವವನಿದ್ದೇನೆ.