ಯುರೋಪಾದ ಉಪ್ಪು, ಪಾಲಬಾವಿಯ ಸವಳು

ನನ್ನ ಹೊಟ್ಟೆಪಾಡು ನಡೆಯುವುದು ಉಪ್ಪಿನ ಮೇಲೆ. ಕಿರಾಣಿ ಅಂಗಡಿಯ ಉಪ್ಪಲ್ಲ; ಗುರುಗ್ರಹವನ್ನು ಸುತ್ತುವ ಯುರೋಪಾ ಎಂಬ ಚಂದ್ರನ ಮೇಲಿನದು. ಅದನ್ನು ಯಾರೂ ಮುಟ್ಟಿಲ್ಲ, ನೆಕ್ಕಿಲ್ಲ. ಆ ಹಿಮದ ಮೇಲೆ ಬಿದ್ದು ಮರಳಿ ಬರುವ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಯಾವ ಬಣ್ಣ ಕುಂದಿದೆ ಎಂದು ನೋಡಿ, ಅಲ್ಲಿ ಇಂಥ ಉಪ್ಪಿದೆ ಎನ್ನುತ್ತೇವೆ. ಹಿಮದ ಚಿಪ್ಪಿನಡಿ ಕಡಲಿದೆ, ಅದರ ಉಪ್ಪೇ ಬಿರುಕುಗಳಲ್ಲಿ ಮೇಲೆ ಬಂದಿರಬೇಕು ಎಂಬುದು ನಮ್ಮ ಊಹೆ. ನಗಬೇಡಿ, ಇಂಥ ಊಹೆಗೆ ಸಂಬಳವೂ ಸಿಗುತ್ತದೆ.

ನಮ್ಮೂರು ಪಾಲಬಾವಿಯ ಹೊಲದಲ್ಲೂ ಅಷ್ಟೇ, ಕೆಳಗೆ ನೀರು, ಮೇಲೆ ಉಪ್ಪು. ಹೊಳೆಯ ನೀರು ಬಂದ ಖುಷಿಯಲ್ಲಿ ಕಬ್ಬಿಗೆ ಹಗಲೂ ರಾತ್ರಿ ಬಿಟ್ಟೆವು. ನೆಲ ಬೆಳ್ಳಗಾಗತೊಡಗಿದಾಗ, ತೊಳೆದು ಹೋಗಲಿ ಎಂದು ಇನ್ನಷ್ಟು ಬಿಟ್ಟೆವು. ಹೀಗೆ ನೀರು ನಿಂತು, ಉಪ್ಪು ಮೇಲೆದ್ದು ಕೆಟ್ಟ ನೆಲಕ್ಕೆ ನಮ್ಮ ಕಡೆ ಸವಳು ಎನ್ನುತ್ತಾರೆ. ಅದರ ಮೂಲೆಯಲ್ಲಿ ಅಪ್ಪನ ಸಮಾಧಿ ಇದೆ. ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುವುದು ನಮ್ಮಲ್ಲಿ ರೂಢಿ. ಪಕ್ಕದ ಜಾಗ ಅವ್ವನದೆಂದು ಅಪ್ಪನನ್ನು ಹೂಳಿದ ದಿನವೇ ನಿಶ್ಚಯವಾಗಿತ್ತು.

ಹೋದ ಅಮಾವಾಸ್ಯೆ ಅವ್ವ, ತಮ್ಮ, ನಾನು ಮೂವರೂ ಅಪ್ಪನಿಗೆ ಎಡೆ ಇಡಲು ಹೋಗಿದ್ದೆವು. ಅವ್ವ ತನ್ನ ಜಾಗ ತೋರಿಸಿ, “ಇಲ್ಲಿ ಒಂದೀಟು ಕಡದ ನೋಡೋ,” ಎಂದು ತಮ್ಮನಿಗೆ ಹೇಳಿದಳು. ಮೊಣಕಾಲುದ್ದ ತೋಡುವುದರೊಳಗೆ ಗುಂಡಿಯಲ್ಲಿ ನೀರು ನಿಂತಿತು. ಅವಳು ಗುಂಡಿಯ ಅಂಚಿನಲ್ಲಿ ಕೂತಳು.

“ಉಪ್ಪು ಕಡಿಮಿ ಆದ್ರ ನಿಮ್ಮಪ್ಪ ತಾಟು ಸರಸ್ತಿದ್ರು. ಈಗ ನೋಡು,” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಉಪ್ಪಿನ ಮ್ಯಾಲೇ ಸಾಲಿ ಕಲತಾಕಿ ನೀ. ನಾ ಹೋಗೂದ್ರಾಗ ಇದು ಒಣಗತೈತೇನು, ಹೇಳು. ನೀರಾಗ ಮಲಗಾಕ ನನ್ನಿಂದ ಆಗೂದಿಲ್ಲ.”

ಯುರೋಪಾದ ಮಾತಾಗಿದ್ದರೆ ಗಂಟೆಗಟ್ಟಲೆ ಕೊರೆಯುತ್ತಿದ್ದೆ. ನಿಂತ ನೆಲದ ಬಗ್ಗೆ ನನಗೆ ಗೊತ್ತಿದ್ದುದು ಒಂದೇ ಮಾತು. ಬಸಿಗಾಲುವೆ ತೋಡಿ ಒಳಗಿನ ನೀರನ್ನು ಹೊರಗೆ ಹರಿಸಿದರೆ ಒಣಗಬಹುದು, ಆದರೆ ವರ್ಷಗಳೇ ಬೇಕು ಎಂದು ಹೇಳಿದೆ.

“ಹಂಗಾರ ಅಲ್ಲೀತನಕ ನಾ ಇರಬೇಕಾತು,” ಎಂದು ಅವ್ವ ಸೆರಗು ಕೊಡವಿಕೊಂಡು ಎದ್ದಳು. “ಸಾವಕಾಶ ಕಡಸ್ರಿ.”

ಬಸಿಗಾಲುವೆಗೆ ಯಂತ್ರ ಗೊತ್ತುಮಾಡಲು ಮರುದಿನ ಚಿಕ್ಕೋಡಿಗೆ ಹೋಗುತ್ತೇನೆಂದಿದ್ದ ತಮ್ಮ ಹೋಗಲಿಲ್ಲ. ಹೋಗೆಂದು ನಾನೂ ಹೇಳಲಿಲ್ಲ. ಸವಳಿಗೆ ದಿನಾ ಶಾಪ ಹಾಕುತ್ತಿದ್ದ ನಾವಿಬ್ಬರೂ ಈಗ ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಹೊಲ ಹಸಿ ಇರುವತನಕ ಅವ್ವ ಇರುತ್ತಾಳೆ ಎಂಬುದು ನಮ್ಮ ಸದ್ಯದ ಊಹೆ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.