ಆಂಪ್ ಮೀಟರಿನ ಮೇಲೆ ಕುಂಕುಮ

ಯಾರ ಕಾರು ಹತ್ತಿದರೂ ನಾನು ಮೊದಲು ನೋಡುವುದು ಓಡಿಸುವವರ ಮುಖವನ್ನಲ್ಲ, ಆಂಪ್ ಮೀಟರಿನ ಮುಳ್ಳನ್ನು. ಇದು ಸಭ್ಯತೆಯಲ್ಲವೆಂದು ಗೊತ್ತು. ಆದರೆ ಆ ಪುಟ್ಟ ಗಾಜಿನೊಳಗಿನಷ್ಟು ಪ್ರಾಮಾಣಿಕತೆ ನನಗೆ ಬೇರೆಲ್ಲೂ ಕಂಡಿಲ್ಲ. ಯುಗಾದಿಯ ಪಂಚಾಂಗ ನಮ್ಮ ಆದಾಯ-ವ್ಯಯವನ್ನು ವರ್ಷಕ್ಕೊಮ್ಮೆ ಓದಿ ಕೈತೊಳೆದುಕೊಳ್ಳುತ್ತದೆ. ಈ ಮುಳ್ಳು ಕ್ಷಣಕ್ಷಣಕ್ಕೂ ಓದುತ್ತದೆ. ಬಲಕ್ಕೆ ವಾಲಿದರೆ ಡೈನಮೋ ಬ್ಯಾಟರಿಗೆ ಉಣಿಸುತ್ತಿದೆ. ಎಡಕ್ಕೆ ವಾಲಿದರೆ ಬ್ಯಾಟರಿ ಕೂಡಿಟ್ಟದ್ದನ್ನು ಕರಗಿಸುತ್ತಿದೆ.

ಈ ಭಕ್ತಿ ಹುಟ್ಟಿದ್ದು ಕಲ್ಯಾಣದುರ್ಗದಿಂದ ಅಕ್ಕನನ್ನು ಚೊಚ್ಚಲ ಹೆರಿಗೆಗೆ ಹಿಂದೂಪುರದ ತವರಿಗೆ ಕರೆತಂದ ದಿನ. ಆಯುಧಪೂಜೆ ಆಗದೆ ಕಾರು ಹೊರಡದು ಎಂದು ಭಾವ ಹಟ ಹಿಡಿದು, ದಿನ ತುಂಬುವವರೆಗೂ ತಡಮಾಡಿದ್ದರು. ಪೂಜೆ ಮಾಡಿದವಳು ಅಕ್ಕನೇ. ಅವಳದು ಧಾರಾಳದ ಕೈ. ಸ್ಟಿಯರಿಂಗಿಗೆ, ದೀಪಗಳಿಗೆ, ಕಡೆಗೆ ಆಂಪ್ ಮೀಟರಿನ ಗಾಜಿಗೂ ಗಂಧ ಬಳಿದು ಕುಂಕುಮ ಇಟ್ಟಿದ್ದಳು. ಎಂಜಿನ್ ತಿರುವಿ ಎಬ್ಬಿಸುವ ಹ್ಯಾಂಡಲ್ಲು ಹೂ ಮುಡಿದುಕೊಂಡು ದೇವರ ಮನೆಯಲ್ಲೇ ಉಳಿದಿತ್ತು. ಅದು ನೆನಪಾದದ್ದು ಕಂಬದೂರು ದಾಟಿದ ಮೇಲೆ.

ಅಲ್ಲಿ ಕುರಿಹಿಂಡು ಅಡ್ಡ ಬಂತು. ಭಾವ ಹಾರನ್ ಒತ್ತಿದರೆ ಅದು ಮುದುಕರ ಹಾಗೆ ಕೆಮ್ಮಿತು. ಕುರಿಗಳು ತಿರುಗಿಯೂ ನೋಡಲಿಲ್ಲ. ಬ್ಯಾಟರಿ ಸೊರಗಿದೆಯೆಂದು ಅವರಿಗೆ ಅನುಮಾನ. ಮುಳ್ಳು ನೋಡೋಣವೆಂದರೆ ಅದು ಗಂಧದ ಹಿಂದೆ. ತುಂಬು ಬಸುರಿಯ ಎದುರು ಕುಂಕುಮ ಅಳಿಸುವುದುಂಟೆ? ಹಿಂದಿನ ಸೀಟಿನಲ್ಲಿ ಗಂಟುಗಳ ನಡುವೆ ಇನ್ನೊಂದು ಗಂಟಾಗಿ ಕೂತಿದ್ದ ನಾನೂ ಬೇಡವೆಂದೆ. ಮುಂದೆ ಕೂತಿದ್ದ ಅಕ್ಕ ಕುಂಕುಮವನ್ನು ಬೆರಳಿನಿಂದ ತೆಗೆದು ತನ್ನ ಹಣೆಗಿಟ್ಟುಕೊಂಡಳು. ಆಮೇಲೆ ಗಾಜನ್ನು ಸೆರಗಿನಿಂದ ಒರೆಸಿದಳು. ಮುಳ್ಳು ಎಡಕ್ಕೆ ಮಲಗಿತ್ತು.

ಸಿಟ್ಟು ಬಂದರೆ ತೆಲುಗಿಗೆ ಇಳಿಯುವ ಭಾವ ಡೈನಮೋದ ವಂಶವನ್ನೆಲ್ಲ ವಿಚಾರಿಸಿಕೊಂಡರು. ಆದರೆ ಅವರ ಕೆಲಸ ನೋಡಬೇಕಿತ್ತು! ಹ್ಯಾಂಡಲ್ಲಿಲ್ಲದ ಕಾರನ್ನು ಸಮತಟ್ಟಿನಲ್ಲಿ ನಿಲ್ಲಿಸಿದರೆ ಗತಿಯಿಲ್ಲವೆಂದು, ಇಳಿಜಾರು ಸಿಗುವವರೆಗೂ ಓಡಿಸಿ ಅಲ್ಲಿ ಎಂಜಿನ್ ಆರಿಸಿದರು. ಬೆಲ್ಟು ಸಡಿಲವಾಗಿ ಡೈನಮೋ ಸರಿಯಾಗಿ ತಿರುಗುತ್ತಿರಲಿಲ್ಲ. ನಾನು ಬೇವಿನ ಕೊಂಬೆಯಿಂದ ಡೈನಮೋವನ್ನು ಮೀಟಿ ಹಿಡಿದೆ, ಅವರು ಬೋಲ್ಟು ಬಿಗಿದರು. ಅಕ್ಕ ಒಳಗೆ ಕೂತು ನಮ್ಮ ಪೇಚಾಟ ನೋಡಿ ನಗುತ್ತಿದ್ದಳು.

ಕಾರು ಇಳಿಜಾರಿನಲ್ಲಿ ಉರುಳಿತು, ಭಾವ ಗೇರು ಹಾಕಿದರು, ಎಂಜಿನ್ ಎದ್ದಿತು. ಮುಳ್ಳು ಬಲಕ್ಕೆ ಹೊರಳಿತು. ಅದನ್ನು ಕಣ್ಣಾರೆ ಕಂಡಮೇಲೆಯೇ ಅಕ್ಕ ಬಾಯಿ ಬಿಟ್ಟಿದ್ದು.

"ಇನ್ನ ಸೊಲ್ಪ ಜೋರಾಗಿ ಹೋಗ್ರಿ. ಕಂಬದೂರ್ನಿಂದ್ಲೂ ನೋವು ಬತ್ತಾ ಐತೆ."

ಮೊದಲೇ ಏಕೆ ಹೇಳಲಿಲ್ಲವೆಂದು ಭಾವ ಕೇಳಿದರು.

"ಹೇಳಿದ್ರೆ ನಿಮ್ ಕೈ ನಡುಗ್ತಿತ್ತು. ಆಮ್ಯಾಕೆ ಬೋಲ್ಟು ಬಿಗಿಯೋರ್ಯಾರು?"

ಹಿಂದೂಪುರದ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಸೋದರಮಾವನಾಗಿದ್ದೆ. ಎಂಥ ಹೆಣ್ಣು ನಮ್ಮಕ್ಕ ಎಂದು ಅವತ್ತು ಬೆರಗಾದವನು ಇನ್ನೂ ಹಾಗೇ ಇದ್ದೇನೆ.

ಈಗ ಆಯುಧಪೂಜೆಗೆ ಅವಳು ಕುಂಕುಮವನ್ನು ಗಾಜಿನ ಪಕ್ಕಕ್ಕೆ ಇಡುತ್ತಾಳೆ. ಮುಳ್ಳಿನ ಮಾತನ್ನು ನಾನು ಒಂದೇ ಸಲಕ್ಕೆ ನಂಬುತ್ತೇನೆ. ಅಕ್ಕ ಮಾತ್ರ ಚೆನ್ನಾಗಿದ್ದೀನಿ ಅಂದಾಗ ಇನ್ನೊಂದು ಸಲ ಕೇಳುತ್ತೇನೆ. ಅವಳಿಗೆ ಮೀಟರು ಕೂಡಿಸಿಲ್ಲ.