ಗಂಗವ್ವ ತಿರುಗಿ ನೋಡದೆ ಕೊಟ್ಟ ಉತ್ತರ

ಇಂಥ ಕಥೆಗಳನ್ನು ನಂಬುವವಳು ನಾನಲ್ಲ. ಗೋಕುಲ ರಸ್ತೆಯ ಒಳಗಿನ ಓಣಿಯೊಂದರಲ್ಲಿ ನನ್ನದೊಂದು ಸಣ್ಣ ಖಾನಾವಳಿ ಇದೆ. ಮಧ್ಯಾಹ್ನ ಊಟಕ್ಕೆ ಬರುವ ಕಾರ್ಖಾನೆಯ ಮಂದಿ ರೊಟ್ಟಿ ಬರುವ ತನಕ ಸುಮ್ಮನೆ ಕೂಡಲಾರದೆ ದೆವ್ವದ ಮಾತು ತೆಗೆಯುತ್ತಾರೆ. ಯಾರದೋ ಕಾಕಾನಿಗೆ ಕೆರೆ ದಂಡೆಯ ಮೇಲೆ ಬಿಳಿ ಸೀರೆ ಕಂಡಿತಂತೆ, ಯಾರದೋ ಹೆಂಡತಿಯ ಮೈಯಲ್ಲಿ ಸತ್ತ ಅತ್ತೆ ಬಂದು ಹೋಳಿಗೆ ಕೇಳಿದಳಂತೆ. "ಖರೇ ಅತ್ತಿ ಬಂದಿದ್ರ ಹೋಳಿಗಿ ಕೇಳ್ತಿದ್ದಿಲ್ರಿ, ಸೊಸಿ ಮಾಡಿದ ಹೋಳಿಗ್ಯಾಗ ತಪ್ಪು ಹುಡುಕ್ತಿದ್ಲು" ಎಂದು ನಾನು ಒಲೆಯ ಮುಂದಿನಿಂದಲೇ ಹೇಳಿ ಅವರನ್ನು ನಗಿಸಿದ್ದೇನೆ. ಈಗ ನನ್ನದೇ ಒಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಮೊದಲು ನಾನು ಯಾರೆಂದು ಹೇಳಬೇಕು. ನಾನು ಹುಟ್ಟಿದ್ದು ನೇಪಾಳದ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ. ನಮ್ಮಲ್ಲಿ ಮಕ್ಕಳನ್ನು ಹುಟ್ಟಿದ ಸಾಲಿಗೆ ತಕ್ಕಂತೆ ಕರೆಯುತ್ತಾರೆ. ಹೆಣ್ಣುಮಕ್ಕಳಲ್ಲಿ ಕೊನೆಯವಳಿಗೆ ಕಾಂಛಿ ಎನ್ನುತ್ತಾರೆ, ಹಾಗಾಗಿ ನಾನು ಕಾಂಛಿ. ಮದುವೆಯಾದ ಮೇಲೆ ಗಂಡನ ಹಿಂದೆ ಧಾರವಾಡಕ್ಕೆ ಬಂದೆ. ಅವರು ಅಲ್ಲಿ ಒಂದು ಕಟ್ಟಡದ ಕಾವಲುಗಾರರಾಗಿದ್ದರು. ಇಲ್ಲಿಯ ಮಂದಿ ಕೆಲವೇ ದಿನಗಳಲ್ಲಿ ಕಾಂಛಿಯನ್ನು ಕಾಂಚನಾ ಮಾಡಿದರು. ಕಾಂಚನಾ ಎಂದರೆ ಬಂಗಾರವಂತೆ. ಕೇಳಿದ ಮೇಲೆ ನಾನೂ ಬೇಡ ಅನ್ನಲಿಲ್ಲ.

ಆಮೇಲೆ ಗೋಕುಲ ರಸ್ತೆಗೆ ಬಂದು ಖಾನಾವಳಿ ಹಾಕಿದೆ. ಈಗ ಕಾಂಚನಕ್ಕನ ರೊಟ್ಟಿ ಎಂದರೆ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಹೊಸ ಗಿರಾಕಿ ಮಾತ್ರ ನನ್ನ ಮುಖ ನೋಡಿ ಹಿಂದಿಯಲ್ಲಿ ಶುರು ಮಾಡುತ್ತಾನೆ. "ಕೂಡ್ರಿ, ಎಣಗಾಯಿ ಐತಿ, ಝುಣಕ ಐತಿ, ಏನ್ ಕೊಡ್ಲಿ?" ಎಂದು ನಾನು ಅಂದ ಕೂಡಲೇ ಪಾಪ, ಅವನ ಮುಖ ನೋಡುವ ಹಾಗಿರುತ್ತದೆ. ಊಟ ಮುಗಿಸಿ ಕೈ ತೊಳೆಯುವಾಗ ತಡೆಯಲಾಗದೆ "ಯಾವ ಊರ್ರಿ ನಿಮ್ದು?" ಎಂದು ಕೇಳುತ್ತಾನೆ. "ಜ್ವಾಳ ಉಪ್ಪಿನಬೆಟಗೇರಿದ್ರಿ, ರೊಟ್ಟಿ ನಂದು" ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಹೇಳುವ ಗೋಜಿಗೆ ಹೋಗುವುದಿಲ್ಲ.

ನನ್ನನ್ನು ಇಲ್ಲಿಯವಳನ್ನಾಗಿ ಮಾಡಿದವರು ಮಾಳಮಡ್ಡಿಯ ಕಾಕು. ಧಾರವಾಡದಲ್ಲಿ ನಾವು ಮೊದಲು ಬಾಡಿಗೆಗಿದ್ದ ಮನೆಯ ಯಜಮಾನತಿ; ಚಿಕ್ಕಮ್ಮ ಎನ್ನುವ ಹಾಗೆ ಎಲ್ಲರೂ ಕಾಕು ಎನ್ನುತ್ತಿದ್ದರು. ಸಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾಗಿದ್ದರು. ಯಾರಿಗಾದರೂ ಏನಾದರೂ ಕಲಿಸದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ನಾನು ಸಿಕ್ಕಿದೆ. ಈಗ ಬರೆಯುತ್ತಿರುವ ಈ ಅಕ್ಷರಗಳೂ ಅವರು ತಿದ್ದಿಸಿದವು.

ನಾನು ಬಂದ ಹೊಸತರಲ್ಲಿ ಕಾಕುವಿನ ಯಜಮಾನರಿಗೆ ಎಂಥದೋ ಆಪರೇಶನ್ ಆಗುವುದಿತ್ತು. ಹಿಂದಿನ ದಿನ ಸಂಜೆ ಮನೆ ತುಂಬ ನೆಂಟರು. ನಾನೂ ಮಾತಾಡಿಸಲು ಹೋಗಿ ಒಂದು ಮೂಲೆಯಲ್ಲಿ ಕೂತಿದ್ದೆ. ಎದ್ದು ಬರುವಾಗ ಹೊಸ್ತಿಲಲ್ಲಿ ನಿಂತು, ಕಲಿತ ಅಷ್ಟಿಷ್ಟು ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ "ನಾ ಹೋದೆ" ಎಂದೆ. ನಮ್ಮ ಹಳ್ಳಿಯಲ್ಲಿ ಹೊರಡುವಾಗ ಹೇಳುವುದು ಅದನ್ನೇ. ಹಾಗೆ ಹೇಳದೆ ಎದ್ದು ಹೋದರೆ ಮರ್ಯಾದೆ ಇಲ್ಲದವಳು ಎನ್ನುತ್ತಾರೆ. ಇಲ್ಲಿ ಮಾತ್ರ ಇಡೀ ಮನೆ ಗಪ್ಪಾಯಿತು. ಮಂಚದ ಮೇಲೆ ಮಲಗಿದ್ದ ಯಜಮಾನರೊಬ್ಬರೇ ನಕ್ಕದ್ದು.

ಕಾಕು ಎದ್ದು ಬಂದು ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. "ಖೋಡಿ, ದೀಪಾ ಹಚ್ಚೂ ಹೊತ್ತಿನ್ಯಾಗ ಹೊಸ್ತಿಲದಾಗ ನಿಂತು ಹೋದೆ ಅಂತ ಯಾರರ ಅಂತಾರೇನ? ಕೂಡು. ಈ ಸಕ್ಕರಿ ಬಾಯಾಗ ಹಾಕ್ಕೋ. ಈಗ ಏಳು. ಬರ್ತೇನಿ ಅನ್ನು." ನಾನು ಬರ್ತೇನಿ ಎಂದೆ. "ಹೂಂ, ಹೋಗಿ ಬಾ" ಎಂದು ಕಳಿಸಿಕೊಟ್ಟರು. ಯಜಮಾನರ ಆಪರೇಶನ್ ಸುಸೂತ್ರವಾಗಿ ಆಯಿತು, ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಅವತ್ತಿನಿಂದ ಕಾಕುವಿಗೆ ನಾನು ಖೋಡಿಯೇ, ಅಂದರೆ ಪೆದ್ದಿಯೇ, ಆದೆ. ಸಿಟ್ಟು ಬಂದಾಗಲೂ ಖೋಡಿ, ಹಬ್ಬಕ್ಕೆ ಸೀರೆ ಕೊಡುವಾಗಲೂ ಖೋಡಿ. ಕಾಕು ತೀರಿಕೊಂಡು ಬಹಳ ವರ್ಷಗಳಾದವು. ಅವರ ನಂತರ ನನ್ನನ್ನು ಆ ಹೆಸರಿನಿಂದ ಕರೆದವರು ಯಾರೂ ಇಲ್ಲ. ಈ ಮಾತು ನೆನಪಿಡಿ.

ಇನ್ನು ನನ್ನ ತಾಯಿ. ನಾವು ಆಮಾ ಎನ್ನುತ್ತೇವೆ. ಆಮಾ ತನ್ನ ಗುಡ್ಡ ಇಳಿದು ಬಂದವಳಲ್ಲ. ಅಪ್ಪ ಹೋದ ಮೇಲೆ ನನ್ನ ತಮ್ಮ ಮತ್ತು ಅವನ ಹೆಂಡತಿಯ ಜೊತೆ ಇದ್ದಳು. ಬಹಳ ವರ್ಷಗಳ ಮೇಲೆ ನಾನು ಒಮ್ಮೆ ಊರಿಗೆ ಹೋದಾಗ, ಆಮಾ ರಾಗಿ ಹಿಟ್ಟು ತೆಗೆದುಕೊಟ್ಟು ಅಡುಗೆ ಮಾಡು ಎಂದಳು. ನಮ್ಮಲ್ಲಿ ಅದನ್ನು ಕುದಿಯುವ ನೀರಿಗೆ ಹಾಕಿ ಗಟ್ಟಿಯಾಗಿ ಕೂಡಿಸಿ ಉಣ್ಣುತ್ತಾರೆ. ನಾನು ಮಾತಾಡುತ್ತಾ ಆಡುತ್ತಾ ಹಿಟ್ಟು ನಾದಿ, ಹಲಗೆಯ ಮೇಲಿಟ್ಟು ಪಟಪಟ ಬಡಿದು, ತೆಳ್ಳಗೆ ರೊಟ್ಟಿ ಮಾಡಿ ಹಂಚಿಗೆ ಹಾಕಿಬಿಟ್ಟೆ. ಕೈ ತಾನಾಗಿ ಹಾಗೆ ಹೋಯಿತು. ತಮ್ಮ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದ. ಆಮಾ ಮುಟ್ಟಲಿಲ್ಲ. ನನ್ನ ಕೈ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ಈ ಕೈ ಯಾರದು?" ಎಂದು ಕೇಳಿದಳು.

ಅದಾದರೂ ಇರಲಿ. ಹೊರಡುವ ದಿನ ಹೊಸ್ತಿಲಲ್ಲಿ ನಿಂತು ನಾನು ನಮ್ಮ ಭಾಷೆಯಲ್ಲೇ "ಬರುತ್ತೇನೆ, ಆಮಾ" ಎಂದೆ. ಅಲ್ಲಿ ಹಾಗೆ ಅನ್ನುವ ರೂಢಿ ಇಲ್ಲ. ಬರುತ್ತೇನೆ ಎಂದರೆ ಬರುತ್ತೇನೆ, ಅಷ್ಟೇ. ಯಾವಾಗ ಎಂದು ಆಮಾ ಕೇಳಿದಳು. ಮಕ್ಕಳ ಸಾಲೆ, ಖಾನಾವಳಿ, ಗಂಡನ ರಜೆ ಎಂದೇನೋ ತೊದಲಿದೆ. "ಹೋಗುವವಳು ಹೋದೆ ಅನ್ನು. ಬಾಗಿಲಲ್ಲಿ ನಿಂತು ಸುಳ್ಳು ಹೇಳಬೇಡ" ಎಂದು ಒಳಗೆ ಹೋದಳು. ಆಮೇಲೆ ನನಗೆ ಹೋಗಲು ಆಗಲೇ ಇಲ್ಲ. ಫೋನ್ ಮಾಡಿದರೆ ಮೊದಮೊದಲು ಒಂದೆರಡು ಮಾತಾಡುತ್ತಿದ್ದಳು. ನಾನು ನಡುವೆ ಪದ ಸಿಗದೆ ತಡವರಿಸಿ ಕನ್ನಡದ ಪದ ಹಾಕಿದರೆ ಫೋನನ್ನು ಸೊಸೆಯ ಕೈಗೆ ಕೊಟ್ಟುಬಿಡುತ್ತಿದ್ದಳು. ಕಡೆಗೆ ಅದನ್ನೂ ಬಿಟ್ಟಳು. "ಬರುತ್ತೇನೆ ಅಂದಿದ್ದಾಳಲ್ಲ, ಬಂದಾಗ ಮಾತಾಡುತ್ತೇನೆ" ಎಂದು ಹೇಳಿ ಕಳಿಸಿದಳು. ನನ್ನ ತಾಯಿ ನನ್ನೊಡನೆ ಮಾತು ಬಿಟ್ಟಿದ್ದಾಳೆ ಎನ್ನುವುದನ್ನು ನಾನು ಯಾರ ಮುಂದೆಯೂ ಹೇಳುತ್ತಿರಲಿಲ್ಲ. ಹಗಲೆಲ್ಲ ಕೆಲಸದಲ್ಲಿ ಹೋಗುತ್ತಿತ್ತು, ಮಲಗಿದಾಗ ಅದೊಂದೇ ಎದೆಯ ಮೇಲೆ ಕೂತಿರುತ್ತಿತ್ತು. ಸಾಯುವ ಮೊದಲು ಒಂದು ಮಾತಾಡಿದರೆ ಸಾಕು ಎಂದು ಸಿದ್ಧಾರೂಢಸ್ವಾಮಿಗಳ ಮಠಕ್ಕೆ ಹೋಗಿ ಕೈಮುಗಿದು ಬಂದಿದ್ದೆ.

ಅದು ಆದದ್ದು ನಡುಹಗಲಿನಲ್ಲಿ, ಬೇಸಿಗೆಯ ಬಿಸಿಲಿನಲ್ಲಿ. ಊಟದ ಗದ್ದಲ ಮುಗಿದು ಹೊರಗೆ ಕೂಡುವ ಬಾಕುಗಳು ಖಾಲಿಯಾಗಿದ್ದವು. ನಾನು ಹಂಚಿನ ಮುಂದೆ ಇದ್ದೆ. ನನ್ನ ಜೊತೆ ಕೆಲಸ ಮಾಡುವ ಗಂಗವ್ವ ನನಗೆ ಬೆನ್ನು ಮಾಡಿ ಕೂತು ಸಂಜೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಗಂಗವ್ವ ಉಪ್ಪಿನಬೆಟಗೇರಿಯಿಂದ ದಿನಾ ಬಸ್ಸಿಗೆ ಬಂದು ಹೋಗುವವಳು. ಮಾತು ಕಡಿಮೆ, ಕೆಲಸ ಹೆಚ್ಚು. ಫೋನ್ ಬಡಿದುಕೊಂಡಿತು. ತಮ್ಮನ ಹೆಂಡತಿಯ ವಿಡಿಯೊ ಕಾಲ್. ಕೈಯೆಲ್ಲ ಹಿಟ್ಟಾಗಿದ್ದರಿಂದ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟೆ.

ಆಮಾ ಮಲಗಿ ಕೆಲವು ದಿನಗಳಾಗಿದ್ದವು. ಯಾರೊಡನೆಯೂ ಮಾತಿಲ್ಲ, ನೀರು ಕೂಡ ಒಳಗೆ ಇಳಿಯುತ್ತಿಲ್ಲ ಎಂದು ತಮ್ಮನ ಹೆಂಡತಿ ಹೇಳಿದಳು. "ಏನಾದರೂ ಮಾತಾಡಿ ಅಕ್ಕಾ, ಕೇಳಿಸಿಕೊಳ್ಳುತ್ತಾರೆ" ಎಂದು ಫೋನನ್ನು ಆಮಾಳ ಮುಖದ ಹತ್ತಿರ ಹಿಡಿದಳು. ಆ ಮುಖ ನೋಡಿದ ಮೇಲೆ ನನ್ನ ಬಾಯಿಗೆ ಆಮಾ ಎಂಬುದೊಂದು ಬಿಟ್ಟು ನಮ್ಮ ಭಾಷೆಯ ಒಂದೇ ಒಂದು ಪದ ಬರಲಿಲ್ಲ. ಕನ್ನಡದಲ್ಲಿ ಮಾತಾಡಿದರೆ ಮತ್ತೆ ಮುಖ ತಿರುಗಿಸಿಯಾಳು ಎಂಬ ಹೆದರಿಕೆಗೆ ಅದನ್ನೂ ಆಡಲಿಲ್ಲ. ಸುಮ್ಮನೆ ಕೂತು ಅತ್ತೆ. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆಯಾಯಿತು.

ಆಗ ಆಮಾ ಕಣ್ಣು ತೆರೆದಳು. ನೇರವಾಗಿ ನನ್ನನ್ನೇ ನೋಡಿದಳು. ತನ್ನದೇ ದನಿಯಲ್ಲಿ, ಸಣ್ಣಗೆ ಆದರೆ ಬಿಡಿಬಿಡಿಯಾಗಿ, ಹೀಗೆ ಹೇಳಿದಳು: "ಅಳಬ್ಯಾಡ ಖೋಡಿ. ನಾ ಬರ್ತೇನಿ."

ನನ್ನ ಹಿಂದಿನಿಂದ ಗಂಗವ್ವ, ಹಿಟ್ಟಿನಿಂದ ಕೈ ತೆಗೆಯದೆ, ತಿರುಗಿಯೂ ನೋಡದೆ, ಬಾಗಿಲಲ್ಲಿ ಯಾರಾದರೂ ಹೊರಟಾಗ ಹೇಳುವಂತೆಯೇ ಹೇಳಿದಳು: "ಹೂನ್ರಿ ಯವ್ವಾ, ಹೋಗಿ ಬರ್ರಿ."

ಫೋನಿನಲ್ಲಿ ಆಮಾ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಸಂಪರ್ಕ ಕಡಿಯಿತು. ಸಂಜೆ ತಮ್ಮ ಫೋನ್ ಮಾಡಿ ಆಮಾ ಹೋದಳು ಎಂದ.

ಆದರೆ ಅದಕ್ಕೂ ಮೊದಲು, ಕಾಲ್ ಕಡಿದ ಆ ಗಳಿಗೆಯಲ್ಲೇ ಗಂಗವ್ವ ಕೇಳಿದ್ದಳು. "ಯಾರ್ರಿ ಅಕ್ಕಾ ಹೋದವ್ರು? ವಯಸ್ಸಾದವ್ರು ಇದ್ದಂಗಿತ್ತು. ಮಾಳಮಡ್ಡಿ ಕಡೆ ಹೆಣ್ಮಕ್ಕಳ ಮಾತಿದ್ದಂಗ ಇತ್ತು ನೋಡ್ರಿ." ತಿರುಗಿ ನನ್ನ ಮುಖ ಕಂಡ ಮೇಲೆಯೇ ಅವಳಿಗೆ ಏನೋ ಆಗಿದೆ ಎಂದು ತಿಳಿದದ್ದು. ಯಾವ ಮಾತು ಕೇಳಿದಿ, ಸರಿಯಾಗಿ ಹೇಳು ಎಂದೆ. ನಾನು ಕೇಳಿದ್ದನ್ನೇ ಹೇಳಿದಳು, ಖೋಡಿಯೂ ಸೇರಿ. ಆಮೇಲೆ ನಾನು ಎಷ್ಟೋ ಸಲ ಕೇಳಿದ್ದೇನೆ. "ನನಗ ಕಿವಿ ಇಲ್ಲೇನ್ರಿ ಅಕ್ಕಾ?" ಎಂದು ಈಗ ಸಿಟ್ಟಾಗುತ್ತಾಳೆ.

ನನ್ನ ಗಂಡ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದರು. "ಬ್ಯಾಸಗಿ ಬಿಸಲು, ಒಲಿ ಮುಂದ ಇಬ್ರೂ ಕೂತಿದ್ರಿ, ತಲಿಗೆ ಏರೇತಿ." ಇರಬಹುದು. ಫೋನಿನಲ್ಲಿ ನನ್ನ ಹಿಂದೆ ಗಿರಾಕಿಗಳು ಬರ್ತೇನ್ರಿ ಎನ್ನುವುದನ್ನು ಆಮಾ ಹಿಂದೆ ಯಾವಾಗಲೋ ಕೇಳಿರಬಹುದು, ಅದೂ ಸರಿ. ಆದರೆ ಖೋಡಿ? ಅದನ್ನು ಹೇಳಿಕೊಡುವವರು ಯಾರಿದ್ದರು?

ಕಾರ್ಯಕ್ಕೆ ಊರಿಗೆ ಹೋದೆ. ಎಲ್ಲ ಮುಗಿದ ಮೇಲೆ ತಮ್ಮನ ಹೆಂಡತಿಯನ್ನು ಅಂಗಳದಲ್ಲಿ ಕೂಡಿಸಿಕೊಂಡು, ಅವತ್ತು ಆಮಾ ಏನು ಹೇಳಿದಳು ಎಂದು ಕೇಳಿದೆ. ನಾನು ಕೇಳಿದ್ದನ್ನು ಮೊದಲು ಹೇಳಲಿಲ್ಲ. ಅವಳು ತಡಮಾಡದೆ, ನಮ್ಮ ಭಾಷೆಯಲ್ಲಿ, ಆಮಾಳ ದನಿಯ ಏರಿಳಿತ ಸಮೇತ ಹೇಳಿದಳು: "ಅಳಬೇಡ ಲಾಟಿ. ನಾ ಹೋದೆ."

ಲಾಟಿ ಎಂದರೆ ಪೆದ್ದಿ. ಚಿಕ್ಕಂದಿನಲ್ಲಿ ಆಮಾ ನನ್ನನ್ನು ಮುದ್ದಿಗೆ ಹಾಗೆ ಕರೆಯುತ್ತಿದ್ದಳು. ನಾನೇ ಮರೆತಿದ್ದೆ. ಆ ಅಂಗಳದಲ್ಲಿ ಕೂತು ನಾನು ಅತ್ತಷ್ಟು ಆಮಾ ಹೋದ ಸುದ್ದಿ ಬಂದಾಗಲೂ ಅತ್ತಿರಲಿಲ್ಲ.

ಅವಳು ನಾನು ಸುಮ್ಮನಾಗುವ ತನಕ ಕಾದು, ತಾನೂ ಒಂದು ಕೇಳಬೇಕೆಂದಿದ್ದೆ ಎಂದಳು. "ನಿಮ್ಮ ಹಿಂದೆ ಇದ್ದ ಹೆಂಗಸು ಏನೋ ಹೇಳಿದಳಲ್ಲ, ಅದೇನು? ಅದನ್ನು ಕೇಳಿ ಅತ್ತೆ ಹೂಂ ಎಂದು ತಲೆ ಆಡಿಸಿದರು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ಆಮೇಲೆಯೇ ಕಣ್ಣು ಮುಚ್ಚಿದ್ದು." ಹೋಗಿ ಬನ್ನಿ ಎಂದಳು ಎಂದು ನಾನು ಅರ್ಥ ಹೇಳಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಸಾಯುವವರಿಗೆ ಬನ್ನಿ ಅನ್ನುತ್ತಾರಾ?" ಎಂದು ಕೇಳಿದಳು. ಯಾರೂ ಅನ್ನುವುದಿಲ್ಲ ಎಂದೆ.

ಹೊರಡುವ ದಿನ ಚೀಲ ಹಿಡಿದು ಅದೇ ಹೊಸ್ತಿಲಲ್ಲಿ ನಿಂತೆ. ಹೋದೆ ಅನ್ನಲು ನಾಲಿಗೆ ಏಳಲಿಲ್ಲ. ಬರುತ್ತೇನೆ ಅನ್ನಲು ಹೆದರಿಕೆಯಾಯಿತು. ತಮ್ಮನ ಹೆಂಡತಿಯ ಕೈ ಹಿಡಿದು ಸುಮ್ಮನೆ ಇಳಿದು ಬಂದೆ.

ಅಲ್ಲಿದ್ದವಳು ಹೋದೆ ಎನ್ನುವುದನ್ನು ಕೇಳಿದಳು, ಇಲ್ಲಿದ್ದವರು ಬರ್ತೇನಿ ಎನ್ನುವುದನ್ನು ಕೇಳಿದೆವು. ತಮ್ಮನ ಹೆಂಡತಿ ಸುಳ್ಳು ಹೇಳುವವಳಲ್ಲ. ಗಂಗವ್ವನಿಗಂತೂ ಸುಳ್ಳು ಹೇಳುವಷ್ಟು ಮಾತೇ ಇಲ್ಲ. ಆಮಾ ಆಡಿದ್ದು ಯಾವುದು? ಎರಡೂ ಹೇಗೆ ಆದೀತು? ಓದಿದವರನ್ನು ಕೇಳಿದೆ, ಮಠದಲ್ಲಿ ಕೇಳಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು, ನನಗೆ ಒಂದೂ ಒಪ್ಪಿಗೆಯಾಗಲಿಲ್ಲ. ಖಾನಾವಳಿಯಲ್ಲಿ ಈಗಲೂ ದೆವ್ವದ ಮಾತು ಬರುತ್ತದೆ. ನಾನು ಒಳಗಿನಿಂದ ಚೇಷ್ಟೆ ಮಾಡುವುದನ್ನು ಬಿಟ್ಟಿದ್ದೇನೆ, ಅಷ್ಟೇ.

ಮಂದಿ ಉಂಡು, ಕೈ ತೊಳೆದು, ಬಾಗಿಲಲ್ಲಿ ನಿಂತು "ಬರ್ತೇನ್ರಿ" ಎನ್ನುತ್ತಾರೆ. ಗಂಗವ್ವ ಹಿಟ್ಟು ನಾದುತ್ತಲೇ, ತಿರುಗಿ ನೋಡದೆ, ಹೂನ್ರಿ ಹೋಗಿ ಬರ್ರಿ ಎನ್ನುತ್ತಾಳೆ. ನಾನು ಮಾತ್ರ ಪ್ರತಿ ಸಲವೂ ತಿರುಗಿ ನೋಡುತ್ತೇನೆ.